ಹನ್ನೊಂದನೇ ತಳಿಯ ಬಗ್ಗೆ ಎರಡು ಮಾತು

ಸಭೆಯ ಅಧ್ಯಕ್ಷತೆ ವಹಿಸಿರುವ ಬೆಳೆಗಾರರ ಸಂಘದ ಅಧ್ಯಕ್ಷರೇ, ನಮ್ಮ ಸಂಸ್ಥೆಯ ಮಾನ್ಯ ನಿರ್ದೇಶಕರೇ, ಬಹಳ ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಇಪ್ಪತ್ತೊಂದು ವರ್ಷ ನನ್ನ ಜೊತೆ ಕೆಸರು ತುಳಿದ ಸಹೋದ್ಯೋಗಿಗಳೇ, ಬಿತ್ತನೆಗೆ ನಾಲ್ಕೇ ದಿನ ಉಳಿದಿರುವಾಗಲೂ ಟ್ರ್ಯಾಕ್ಟರ್ ನಿಲ್ಲಿಸಿ ಬಂದು ಕೂತಿರುವ ಬೆಳೆಗಾರ ಬಂಧುಗಳೇ, ಸಭಿಕರೇ. ಮತ್ತು ಮೂರನೇ ಸಾಲಿನ ತುದಿಯಲ್ಲಿ, ಇಸ್ತ್ರಿ ಮಾಡಿದ ಕಂದು ಕೋಟು ಹಾಕಿಕೊಂಡು, ಊರುಗೋಲನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕೂತಿರುವ ನನ್ನ ಮಾವನವರೇ.

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಕೈಯಲ್ಲಿ ನಾಲ್ಕು ಪುಟದ ಭಾಷಣವಿದೆ. ಹದಿನೈದು ದಿನ ಕೂತು ಬರೆದದ್ದು. ನನ್ನ ಗಂಡ ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ಅವರು ಕೆಂಪು ಪೆನ್ನಿನಲ್ಲಿ ತಿದ್ದಿ, ಎರಡು ಕಡೆ 'ಅತಿಶಯೋಕ್ತಿ' ಎಂದು ಬರೆದು ಕೊಟ್ಟಿದ್ದಾರೆ. ಒಳ್ಳೆಯ ಭಾಷಣ. ಆದರೆ ಅದನ್ನು ನಾನು ಓದಲಾರೆ. ಮೈಕಿನ ಭಯವೆಂದುಕೊಳ್ಳಬೇಡಿ. ನಾನು ಟ್ರ್ಯಾಕ್ಟರ್ ಸದ್ದಿನ ಮೇಲೆ ಕೂಗಿ ಮಾತಾಡಿ ಅಭ್ಯಾಸವಾದವಳು, ನನಗೆ ಮೈಕೇ ಬೇಕಿಲ್ಲ. ಇವತ್ತು ಬೆಳಗ್ಗೆ ಒಂಬತ್ತೂಕಾಲಿಗೆ ಒಂದು ಮಾತು ಕೇಳಿದೆ. ಅದರ ಮೇಲೆ ಈ ನಾಲ್ಕು ಪುಟ ಓದುವ ಹಾಗಿಲ್ಲ.

ಆ ಮಾತಿಗೆ ಬರುತ್ತೇನೆ. ಅದಕ್ಕೆ ಮುಂಚೆ ನಮ್ಮ ಕೆಲಸ ಏನೆಂದು ಮುಖ್ಯ ಅತಿಥಿಗಳಿಗಾಗಿ ಸ್ವಲ್ಪ ಹೇಳಬೇಕು. ಅವರು ಈ ಬೆಳೆಯವರಲ್ಲ. ಉಳಿದವರು ಸಹಿಸಿಕೊಳ್ಳಿ.

ಕನೋಲಾ ಎಂದರೆ ಎಣ್ಣೆಕಾಳು. ಸಾಸಿವೆಯ ಕುಟುಂಬದ್ದು, ಕಾಳು ನೋಡಿದರೆ ಅದರ ತಂಗಿ ಎಂದು ಯಾರಾದರೂ ಹೇಳಬಲ್ಲರು. ಹೂ ಬಿಟ್ಟಾಗ ಇಡೀ ಬಯಲು ಹಳದಿಯಾಗುತ್ತದೆ, ಫೋಟೋ ತೆಗೆಸಿಕೊಳ್ಳಲು ಜನ ಕಾರು ನಿಲ್ಲಿಸುತ್ತಾರೆ. ಅವರಿಗೆ ಹೂ ಕಾಣುತ್ತದೆ. ನಮಗೆ ಬುಡ ಕಾಣುತ್ತದೆ. ಯಾಕೆಂದರೆ ಈ ಗಿಡಕ್ಕೆ ಒಂದು ರೋಗವಿದೆ. ಮೊದಲು ಎಲೆಯ ಮೇಲೆ ಬೂದು ಚುಕ್ಕೆ, ಆ ಚುಕ್ಕೆಯೊಳಗೆ ಸಾಸಿವೆಗಿಂತ ಸಣ್ಣ ಕರಿ ಬೊಟ್ಟುಗಳು. ಆಮೇಲೆ ಅದು ಸದ್ದಿಲ್ಲದೆ ಕಾಂಡಕ್ಕೆ ಇಳಿಯುತ್ತದೆ. ಬುಡ ಕಪ್ಪಾಗಿ ಕೊಳೆತು, ಕಾಯಿ ತುಂಬುವ ಹೊತ್ತಿಗೆ ಗಿಡ ಅಡ್ಡ ಮಲಗುತ್ತದೆ. ನಾವು ಅದನ್ನು ಕರಿಕಾಲು ಎನ್ನುತ್ತೇವೆ. ಇಲ್ಲಿ ಕೂತಿರುವವರಲ್ಲಿ ಕರಿಕಾಲಿಗೆ ಒಂದಾದರೂ ಬೆಳೆ ಕೊಡದವರು ಕೈ ಎತ್ತಿ. ನೋಡಿ, ಒಬ್ಬರೂ ಇಲ್ಲ.

ನನ್ನ ಕೆಲಸ ಹೊಸ ತಳಿಗಳನ್ನು ನಿಮ್ಮಂಥವರ ಹೊಲದಲ್ಲೇ ಬೆಳೆಸಿ ಪರೀಕ್ಷೆ ಮಾಡುವುದು. ಪ್ರಯೋಗಾಲಯದ ಗಾಜಿನ ಮನೆಯಲ್ಲಿ ಎಲ್ಲ ತಳಿಯೂ ಚೆಂದ. ಮಂಜು, ಗಾಳಿ, ಹಕ್ಕಿ, ನಿಂತ ನೀರು ಇವುಗಳ ನಡುವೆ ಯಾವುದು ನಿಲ್ಲುತ್ತದೆ? ಅದನ್ನು ಕಂಡುಹಿಡಿದು ನಿಮಗೆ ಹೇಳಬೇಕು. ಹದಿನಾರು ತಳಿ, ಪ್ರತಿಯೊಂದಕ್ಕೂ ನಾಲ್ಕು ಪ್ಲಾಟು, ಒಟ್ಟು ಅರವತ್ತನಾಲ್ಕು ತುಂಡು ನೆಲ. ಒಂದೊಂದರ ತುದಿಗೂ ಒಂದು ಕಡ್ಡಿ, ಕಡ್ಡಿಯ ಮೇಲೆ ಪ್ಲಾಟಿನ ನಂಬರ್ ಮಾತ್ರ. ಯಾವ ಪ್ಲಾಟಿನಲ್ಲಿ ಯಾವ ತಳಿ ಎಂಬುದು ಒಂದು ನಕ್ಷೆಯಲ್ಲಿರುತ್ತದೆ. ಆ ನಕ್ಷೆ ಹೊಲದವರಿಗೆ ಗೊತ್ತಿರಕೂಡದು. ನೋಡುವ ಕಣ್ಣಿಗೆ ಮೋಹ ಬರಬಾರದು ಎಂದೇ ಈ ಕಟ್ಟುಪಾಡು. ಇಪ್ಪತ್ತೊಂದು ವರ್ಷದಲ್ಲಿ ನಾನು ನೆಟ್ಟ ಕಡ್ಡಿಗಳನ್ನೆಲ್ಲ ಸೇರಿಸಿದರೆ ಈ ಸಭಾಂಗಣಕ್ಕೆ ಬೇಲಿ ಹಾಕಬಹುದು. ಅದಕ್ಕೇ ನೀವೆಲ್ಲ ನನ್ನನ್ನು ಕಡ್ಡಿ ಮೇಡಂ ಎನ್ನುತ್ತೀರಿ. ನನ್ನೆದುರಿಗೆ ಅನ್ನುವುದಿಲ್ಲ, ಆದರೆ ನನಗೆ ಗೊತ್ತು. ನನಗೆ ಇಷ್ಟವೇ.

ಇನ್ನು ಹನ್ನೊಂದರ ಕಥೆ. ಒಂಬತ್ತು ವರ್ಷದ ಹಿಂದೆ ಕರಿಕಾಲು ನಮ್ಮ ಒಂದು ಇಡೀ ಪರೀಕ್ಷೆಯನ್ನು ನುಂಗಿಹಾಕಿತು. ಅದು ನನ್ನ ಮಾವನವರ ಹೊಲದ ತಗ್ಗಿನ ಮೂಲೆ. ಅಲ್ಲಿ ನೀರು ನಿಲ್ಲುತ್ತದೆ, ರೋಗ ತಪ್ಪದೆ ಬರುತ್ತದೆ. ನಮ್ಮ ಐದು ಪರೀಕ್ಷಾ ಹೊಲಗಳಲ್ಲಿ ಕರಿಕಾಲನ್ನು ನಂಬಿ ಅಳೆಯಬಹುದಾದ ಜಾಗ ಅದೊಂದೇ. ಆ ವರ್ಷ ಅರವತ್ತನಾಲ್ಕು ಪ್ಲಾಟೂ ಚಾಪೆ ಹಾಸಿದ ಹಾಗೆ ಮಲಗಿದ್ದವು. ಮಧ್ಯದಲ್ಲಿ ಒಂದೇ ಒಂದು ಗಿಡ ನೆಟ್ಟಗೆ ನಿಂತಿತ್ತು. ಸೊಂಟದೆತ್ತರ. ನಾನು ಅದರ ಪಕ್ಕ ಕೆಸರಿನಲ್ಲೇ ಕೂತುಬಿಟ್ಟೆ. ಅದರ ಕೊನೆಯ ಹೂಗಳಿಗೆ ಕಾಗದದ ಚೀಲ ಕಟ್ಟಿದೆ, ಬೇರೆ ಗಿಡದ ಪರಾಗ ಸೇರದಿರಲೆಂದು. ಒಂದು ಹಿಡಿ ಕಾಳು ಸಿಕ್ಕಿತು. ನಮ್ಮ ತಳಿ ವಿಜ್ಞಾನಿಗಳು ನಾಲ್ಕು ವರ್ಷ ಅದನ್ನು ಬೆಳೆಸಿ, ಹೆಚ್ಚಿಸಿ, ಪರೀಕ್ಷೆಗೆ ಕಳಿಸಿದಾಗ ಅದಕ್ಕೆ ಬಂದ ಸಂಖ್ಯೆ ಹನ್ನೊಂದು.

ಮುಂದಿನದು ನಿಮಗೆ ಗೊತ್ತು. ಮೂರು ವರ್ಷ, ಅದೇ ತಗ್ಗಿನ ಮೂಲೆಯಲ್ಲಿ, ಅಕ್ಕಪಕ್ಕದ ತಳಿಗಳೆಲ್ಲ ನೆಲ ಕಚ್ಚಿದಾಗ ಹನ್ನೊಂದು ನಿಂತಿತು. ಬೇರೆ ನಾಲ್ಕು ಕಡೆ ಇಳುವರಿ ಚೆನ್ನಾಗಿಯೇ ಬಂತು, ಆದರೆ ಅಲ್ಲಿ ರೋಗ ಹೇಳಿಕೊಳ್ಳುವಷ್ಟು ಬರಲಿಲ್ಲ. ಕರಿಕಾಲನ್ನು ತಡೆಯುತ್ತದೆ ಎಂಬ ಮಾತಿಗೆ ನನ್ನ ಮಾವನ ಹೊಲವೇ ಆಧಾರ. ಹೊರಗೆ ಲಾರಿಯಲ್ಲಿ ಬೀಜದ ಚೀಲಗಳು ಬಂದಿವೆ, ಪ್ರತಿ ಚೀಲದ ಮೇಲೂ ಹಸಿರು ಅಕ್ಷರದಲ್ಲಿ 'ಕರಿಕಾಲು ನಿರೋಧಕ' ಎಂದು ಅಚ್ಚಾಗಿದೆ. ನಿರ್ದೇಶಕರು ಈಗಷ್ಟೇ ಅಭಿನಂದನಾ ಪತ್ರ ಓದಿ ನನಗೆ ಈ ಫಲಕ ಕೊಟ್ಟರು. ಪತ್ರದಲ್ಲೂ ಫಲಕದ ಮೇಲೂ ಒಂದು ಸಾಲು: 'ಒಂದು ಹನಿ ಔಷಧಿಯ ಆಸರೆಯಿಲ್ಲದೆ'. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮೂರನೇ ಸಾಲಿನಲ್ಲಿ ಒಬ್ಬರು ತಟ್ಟಲಿಲ್ಲ.

ನನ್ನ ಮಾವ ಕಡಿಮೆ ಮಾತಿನವರು. ನನ್ನ ಮದುವೆಯಾಗಿ ಹದಿನೆಂಟು ವರ್ಷವಾಯಿತು. ಈ ಹದಿನೆಂಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವರು ಆಡಿದ ಮಾತುಗಳನ್ನು ನಾನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಲ್ಲೆ. ಮದುವೆಯಾದ ಹೊಸತರಲ್ಲಿ ಊಟದ ಮೇಜಿನ ಮೇಲೆ, ನನ್ನನ್ನು ನೋಡದೆ ಮಗನನ್ನು ಕೇಳಿದರು: "ಕಡ್ಡಿ ನೆಡೋಕೆ ಇಷ್ಟೆಲ್ಲ ಓದಬೇಕೇನೋ?" ಆಮೇಲೆ, ಪರೀಕ್ಷೆಗೆ ನೆಲ ಬೇಕೆಂದು ನಾನೇ ಹೋಗಿ ಕೇಳಿದಾಗ: "ಆ ತಗ್ಗಿನ ಮೂಲೆ ತಗೋ. ಅಲ್ಲಿ ಹೇಗೂ ಏನೂ ಆಗಲ್ಲ." ನನಗೆ ಸಿಟ್ಟು ಬಂದಿತ್ತು. ಹೊರಗಿನವರು ಒಳ್ಳೆಯ ನೆಲ ಕೊಡುತ್ತಾರೆ, ಸ್ವಂತ ಮಾವ ಕೆಟ್ಟ ಮೂಲೆ ಕೊಡುತ್ತಾರಲ್ಲ ಎಂದು. ಆ ಮೂಲೆಯೇ ನನಗೆ ಹೆಸರು ತಂದಿತು, ಅದು ಬೇರೆ ವಿಷಯ.

ಮೂರನೆಯ ಮಾತು ಆಸ್ಪತ್ರೆಯಲ್ಲಿ ಆಡಿದ್ದು.

ಇದನ್ನು ಇಲ್ಲಿ ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ನಾಲ್ಕು ಪುಟದಲ್ಲಿ ಎಲ್ಲೂ ಇದಿಲ್ಲ. ಆದರೆ ಇದನ್ನು ಬಿಟ್ಟರೆ ಉಳಿದದ್ದು ನಿಮಗೆ ಅರ್ಥವಾಗುವುದಿಲ್ಲ. ಹನ್ನೊಂದರ ಮೊದಲ ವರ್ಷದ ಬಿತ್ತನೆಯ ಹೊತ್ತಿಗೆ ನಾನು ಐದು ತಿಂಗಳ ಬಸುರಿ. ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ. ಬಿತ್ತುವ ಯಂತ್ರದ ಮೇಲೆ ಕೂರಬೇಡ ಎಂದು ಡಾಕ್ಟರು ಹೇಳಿದ್ದರು, ಕೂರಲಿಲ್ಲ, ಪಕ್ಕದಲ್ಲಿ ನಡೆದೆ. ಅದರಿಂದಲ್ಲ ಎಂದು ಅವರೇ ಆಮೇಲೆ ಹತ್ತು ಸಲ ಹೇಳಿದರು. ಆರನೇ ತಿಂಗಳಲ್ಲಿ ಮಗು ಹೋಯಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಬಂದವರೆಲ್ಲ ಏನೇನೋ ಸಮಾಧಾನ ಹೇಳಿದರು. ನನ್ನ ಮಾವ ಬಂದು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಒಂದು ಗಂಟೆ ಸುಮ್ಮನೆ ಕೂತರು. ಏಳುವಾಗ ಹೇಳಿದರು: "ಬೇಗ ಬಾ. ನಿನ್ನ ಹೊಲ ನೋಡೋರಿಲ್ಲ."

ಹೀಗೂ ಒಬ್ಬ ಮನುಷ್ಯ ಇರುತ್ತಾನೆಯೇ ಎಂದುಕೊಂಡೆ. ನಾಲ್ಕು ವರ್ಷ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅವರಿಗೆ ಊಟ ಬಡಿಸಿದ್ದೇನೆ.

ಈಗ ಇವತ್ತಿನ ಬೆಳಗ್ಗೆ. ನನ್ನ ಗಂಡ ಕಾರು ಓಡಿಸುತ್ತಿದ್ದರು, ಮಾವ ಮುಂದೆ ಕೂತಿದ್ದರು, ನಾನು ಹಿಂದೆ. ನನ್ನ ಯಾವ ಕಾರ್ಯಕ್ರಮಕ್ಕೂ ಬಾರದವರು ಇವತ್ತು ಎಲ್ಲರಿಗಿಂತ ಮೊದಲು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನನಗೆ ಆಶ್ಚರ್ಯ, ಸ್ವಲ್ಪ ಸಂತೋಷ ಕೂಡ. ದಾರಿಯಲ್ಲಿ ಭಾಷಣವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. "ಮೂರು ವರ್ಷ, ಒಂದು ಹನಿ ಔಷಧಿಯೂ ಇಲ್ಲದೆ, ಹನ್ನೊಂದನೇ ತಳಿ ತನ್ನ ಕಾಲ ಮೇಲೆ ತಾನು ನಿಂತಿತು" ಎಂದು ಓದಿದೆ. ಮಾವ ಹಿಂದಕ್ಕೆ ತಿರುಗಿದರು. ಮುಖದಲ್ಲಿ ನಗುವಿತ್ತು. ಅವರು ನಗುವುದನ್ನು ನಾನು ನೋಡಿದ್ದು ಕಡಿಮೆ.

"ಒಂದು ಹನೀನೂ ಇಲ್ಲದೆಯಾ? ಹಾಗಾದ್ರೆ ನಾನು ಹೊಡೆದದ್ದೇನು, ಬರೀ ನೀರಾ?" ಎಂದರು.

ತಮಾಷೆ ಎಂದುಕೊಂಡೆ. "ಏನು ಹೊಡೆದ್ರಿ ಮಾವ?" ಎಂದು ನಾನೂ ನಗುತ್ತಲೇ ಕೇಳಿದೆ.

"ನಿನ್ನ ಹನ್ನೊಂದಕ್ಕೆ ಔಷಧಿ. ನಾಲ್ಕೆಲೆ ಬಂದಾಗ ಒಂದ್ಸಲ, ಹದಿನೈದು ದಿನ ಬಿಟ್ಟು ಇನ್ನೊಂದ್ಸಲ. ಮೂರು ವರ್ಷಾನೂ."

ನಾನು ನಂಬಲಿಲ್ಲ. ಅವರಿಗೆ ಯಾವ ಪ್ಲಾಟಿನಲ್ಲಿ ಹನ್ನೊಂದಿದೆ ಎಂದು ಗೊತ್ತಿರಲು ಸಾಧ್ಯವೇ ಇಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿದೆ. ಅವರು ಮುಂದಿನ ರಸ್ತೆ ನೋಡುತ್ತಾ, ಬೆರಳು ಮಡಚುತ್ತಾ ಹೇಳಿದರು: "ಏಳು. ಇಪ್ಪತ್ತೆರಡು. ನಲವತ್ತೈದು. ಐವತ್ತೆಂಟು. ಅದು ಮೊದಲನೇ ವರ್ಷದ್ದು. ಎರಡನೇ ವರ್ಷ ಎಲ್ಲಾ ಬದಲಾಯಿಸಿಬಿಟ್ಟೆ ನೀನು, ಹುಡುಕೋಕೆ ಸಾಕಾಯ್ತು."

ಸಭಿಕರೇ, ನಾನು ಗಂಡನ ಹುಟ್ಟಿದ ದಿನ ಮರೆತಿದ್ದೇನೆ, ನನ್ನದೇ ಫೋನ್ ನಂಬರ್ ತಪ್ಪು ಹೇಳಿದ್ದೇನೆ, ಪ್ಲಾಟ್ ನಂಬರ್ ಮರೆತವಳಲ್ಲ. ಏಳು, ಇಪ್ಪತ್ತೆರಡು, ನಲವತ್ತೈದು, ಐವತ್ತೆಂಟು. ಸರಿಯಾಗಿತ್ತು. ನಾಲ್ಕಕ್ಕೆ ನಾಲ್ಕೂ ಸರಿಯಾಗಿತ್ತು. ನನ್ನ ಗಂಡ ಒಂದು ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿದರು. ಯಾರೂ ನಿಲ್ಲಿಸಲು ಹೇಳಿರಲಿಲ್ಲ.

ಹೇಗೆ ಗೊತ್ತಾಯಿತು ಅವರಿಗೆ? ಈ ಪ್ರಶ್ನೆಗೆ ಉತ್ತರ ನಾನು. ನಕ್ಷೆಯನ್ನು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿ ಇಡಬೇಕೆಂಬುದು ನಿಯಮ, ಆ ನಿಯಮವನ್ನು ಬರೆದವಳು ನಾನೇ. ಆ ವರ್ಷ ನಕ್ಷೆಯನ್ನು ಮನೆಗೆ ತಂದೆ. ಊಟದ ಮೇಜಿನ ಗಾಜಿನ ಕೆಳಗೆ ಇಟ್ಟೆ. ಹನ್ನೊಂದರ ನಾಲ್ಕು ಪ್ಲಾಟಿಗೂ ಗಂಡನ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಯಾಕೆ ಹಾಕಿದೆ? ಕೆಲಸಕ್ಕೆ ಬೇಕಾಗಿತ್ತೇ? ಇಲ್ಲ. ನೋಡುವುದಕ್ಕೆ ಬೇಕಾಗಿತ್ತು. ತಿಂಡಿ ತಿನ್ನುವಾಗ ನೋಡುತ್ತಿದ್ದೆ. ಆಸ್ಪತ್ರೆಯಿಂದ ಬಂದ ಮೇಲಂತೂ ದಿನಕ್ಕೆ ಎಷ್ಟು ಸಲ ನೋಡುತ್ತಿದ್ದೆನೋ. ಮುಂದಿನ ಎರಡು ವರ್ಷವೂ ಹಾಗೇ ಇಟ್ಟೆ. ಅದೇ ಮೇಜಿನ ಆ ಬದಿಯಲ್ಲಿ ಮಾವ ಪೇಪರ್ ಓದುತ್ತಾ ಕೂರುತ್ತಿದ್ದರು. ಅವರು ನನ್ನನ್ನು ಗಮನಿಸುವುದೇ ಇಲ್ಲ ಎಂದು ನಾನು ನಂಬಿದ್ದೆ.

ಕಾರಿನಲ್ಲಿ ನನ್ನ ಬಾಯಿಂದ ಬಂದ ಪ್ರಶ್ನೆಗಳನ್ನು ಕೇಳಿ. ಯಾವ ಔಷಧಿ? ಎಷ್ಟು ಪ್ರಮಾಣ? ಗಾಳಿ ಎತ್ತ ಬೀಸುತ್ತಿತ್ತು? ಮನುಷ್ಯರು ಕೇಳುವ ಪ್ರಶ್ನೆಗಳೇ ಇವು? ಅವರು ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಬೆನ್ನಿಗೆ ಹಾಕುವ ಸ್ಪ್ರೇಯರಿನಲ್ಲಿ, ನಾನು ಎದ್ದು ಬರುವ ಮುಂಚೆ, ಎಲೆಯ ಮೇಲೆ ಇಬ್ಬನಿ ಇರುವಾಗಲೇ. ಪಕ್ಕದ ಪ್ಲಾಟಿಗೆ ಸಿಡಿಯದ ಹಾಗೆ ಒಂದು ರಟ್ಟು ಅಡ್ಡ ಹಿಡಿದು. ಆದರೂ ಸ್ವಲ್ಪ ಸಿಡಿಯುತ್ತಿತ್ತು ಎಂದರು. ಆಗ ನನಗೆ ಎರಡನೆಯ ಸಿಡಿಲು. ನಮ್ಮ ರೋಗಶಾಸ್ತ್ರದ ಮೇಡಂ, ಇಲ್ಲೇ ಎರಡನೇ ಸಾಲಿನಲ್ಲಿದ್ದಾರೆ, ಎರಡು ವರ್ಷದ ಹಿಂದೆ ನನಗೆ ಹೇಳಿದ್ದರು: "ಹನ್ನೊಂದರ ಪಕ್ಕದ ಪ್ಲಾಟುಗಳಲ್ಲಿ ಈ ಕಡೆ ಅಂಚಿನ ಸಾಲು ಮಾತ್ರ ಚೆನ್ನಾಗಿದೆ ಕಣ್ರೀ. ನಿಮ್ಮ ಮಾವನ ಹೊಲದಲ್ಲಿ ನಾಲ್ಕೂ ಪ್ಲಾಟಿನ ಪಕ್ಕ ಹಾಗೇ ಇದೆ. ಯಾಕಿರಬಹುದು?" ನಾನು ಏನು ಹೇಳಿದೆ? "ನನ್ನ ಹನ್ನೊಂದರ ಆರೋಗ್ಯ ಪಕ್ಕದ ಮನೆಯವರಿಗೂ ತಗುಲಿದೆ" ಎಂದು ನಕ್ಕೆ. ಟಿಪ್ಪಣಿಯಲ್ಲಿ 'ಕಾರಣ ತಿಳಿಯದು' ಎಂದು ಬರೆದೆ. ಬೇರೆ ಯಾವ ತಳಿಯ ಪಕ್ಕ ಹಾಗೆ ಕಂಡಿದ್ದರೂ ಅವತ್ತೇ ಎಲೆ ಕಿತ್ತು ಔಷಧಿಯ ಪರೀಕ್ಷೆಗೆ ಕಳಿಸುತ್ತಿದ್ದೆ. ಮೇಡಂ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ನಕ್ಕಿದ್ದಕ್ಕೆ ಕ್ಷಮಿಸಿ.

ಕೊನೆಗೆ ಮನುಷ್ಯರು ಕೇಳುವ ಪ್ರಶ್ನೆ ಕೇಳಿದೆ. "ಯಾಕೆ ಮಾವ?"

ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಯಾಕೆ ಅಂದ್ರೆ? ನೀನೇ ಪರೀಕ್ಷೆ ಪರೀಕ್ಷೆ ಅಂತಿದ್ದೆ. ಪರೀಕ್ಷೆ ಅಂದ್ಮೇಲೆ ಪಾಸಾಗ್ಬೇಕು ತಾನೇ? ನೀನು ಆಸ್ಪತ್ರೆಯಲ್ಲಿದ್ದಾಗ ಹೋಗಿ ನೋಡ್ದೆ. ಆ ನಾಲ್ಕು ಪ್ಲಾಟಲ್ಲೂ ಎಲೆ ಮೇಲೆ ಚುಕ್ಕೆ ಬಂದಿತ್ತು. ಆಗಲೇ ಒಂದನ್ನ ಕಳ್ಕೊಂಡಿದ್ದೆ ನೀನು. ಇದೂ ಹೋದ್ರೆ ನೀನು ಏಳಲ್ಲ ಅನ್ನಿಸ್ತು. ಬೇರೆ ತಳಿಗಳಿಗೆಲ್ಲ ದೊಡ್ಡ ದೊಡ್ಡೋರು ಇದ್ದಾರೆ. ನಿನ್ನದಕ್ಕೆ ಯಾರಿದ್ರು?"

ನನ್ನ ಗಂಡ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು, ಮೆಲ್ಲಗೆ ಹೇಳಿದರು: "ಅಪ್ಪಾ, ಅದು ಕಾಪಿ ಹೊಡೆಸಿದ ಹಾಗಾಯ್ತು."

ಮಾವ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ನಗು ಹೋಯಿತು. ಅವರು ಐವತ್ತು ವರ್ಷ ಹೊಲ ಮಾಡಿದವರು. ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಅವರೇ ಕೇಳಿದರು: "ಹಾಗಾದ್ರೆ ಅಲ್ಲಿ ಬರೋರೆಲ್ಲ, ಔಷಧಿ ಬೇಡ ಅಂತ ನಂಬಿ ಬಿತ್ತುತಾರಾ?" ನಾನು ಹೌದು ಎಂದೆ. "ತಗ್ಗಲ್ಲೂ?" ಹೌದು ಮಾವ, ತಗ್ಗಿನವರೇ ಮೊದಲು ಬಿತ್ತುತ್ತಾರೆ. ಈ ಕಟ್ಟಡದ ಮುಂದೆ ಇಳಿಯುವಾಗ ಕಾರಿನ ಬಾಗಿಲು ಹಿಡಿದುಕೊಂಡು, "ನಾನು ಒಳಗೆ ಬರಲಾ, ಬೇಡ್ವಾ?" ಎಂದು ಕೇಳಿದರು. ಅಷ್ಟು ಸಣ್ಣ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ. ಬನ್ನಿ ಎಂದೆ.

ಈಗ ನನ್ನ ಬಗ್ಗೆ ಹೇಳಬೇಕು. ಸತ್ಯ ಗೊತ್ತಾದ ಕೂಡಲೇ ನಾನು ನೆಟ್ಟಗೆ ಬಂದು ಮೈಕ್ ಹಿಡಿದೆ ಎಂದುಕೊಳ್ಳಬೇಡಿ. ಮೊದಲು ನಿರ್ದೇಶಕರ ಕೋಣೆಗೆ ಹೋದೆ. ಅವರು ಕೇಳಿ ಬೆಚ್ಚಿಬಿದ್ದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ಕಾರ್ಯಕ್ರಮ ಮುಗೀಲಿ, ನಾಳೆ ಕೂತು ಮಾತಾಡೋಣ" ಎಂದರು. ಅವರನ್ನು ದೂರುತ್ತಿಲ್ಲ, ಅತಿಥಿಗಳು ಬಂದಾಗಿತ್ತು, ಅವರಿಗೆ ಯೋಚಿಸಲು ಐದು ನಿಮಿಷವೂ ಇರಲಿಲ್ಲ. ನನಗೂ ಒಳಗೊಳಗೇ ಹಾಯೆನಿಸಿತು. ನಾಳೆ ನೋಡೋಣ. ಎಷ್ಟು ಒಳ್ಳೆಯ ಮಾತು!

ಹೊರಗೆ ಬಂದೆ. ಕಾರಿಡಾರಿನಲ್ಲಿ ಒಬ್ಬ ಬೆಳೆಗಾರರು ನನ್ನ ಕೈ ಹಿಡಿದುಕೊಂಡರು. ಅವರು ಇಲ್ಲೇ ಇದ್ದಾರೆ, ತೋರಿಸುವುದಿಲ್ಲ. "ಮೇಡಂ, ಈ ಸಲ ಬೀಜಕ್ಕೆ ಔಷಧೀನೇ ಬೇಡ ಅಂದ್ಬಿಟ್ಟೆ ಮನೇಲಿ. ನಿಮ್ಮ ಹನ್ನೊಂದು ಇದೆಯಲ್ಲ! ಕೆಳಗಿನ ಬಯಲಿಗೆ ಪೂರ್ತಿ ಅದೇ. ಹೋದ ಸಲ ಮಲಗಿದ್ದ ನೆಲ ಅದು" ಎಂದರು. ನಾನು ಏನು ಹೇಳಿದೆ ಗೊತ್ತೇ? "ಒಳ್ಳೆಯದಾಗಲಿ" ಎಂದೆ. ಕೈ ಕುಲುಕಿದೆ. ನಕ್ಕೆ ಕೂಡ.

ಸಭಿಕರೇ, ಇವತ್ತು ನನಗೆ ಆದ ಆಘಾತಗಳಲ್ಲಿ ಅದು ಎಲ್ಲಕ್ಕಿಂತ ದೊಡ್ಡದು. ಮಾವ ಮಾಡಿದ್ದು ತಿಳಿಯದೆ ಮಾಡಿದ್ದು. ನಾನು ತಿಳಿದೂ 'ಒಳ್ಳೆಯದಾಗಲಿ' ಎಂದೆ. ಎಲ್ಲಿಂದ ಬಂತು ಆ ನಗು? ಇಪ್ಪತ್ತೊಂದು ವರ್ಷ ನಿಮ್ಮ ಅಡುಗೆಮನೆಗಳಲ್ಲಿ ಚಹಾ ಕುಡಿದು, 'ನಾನು ಅಳೆದದ್ದನ್ನು ಮಾತ್ರ ಹೇಳುತ್ತೇನೆ' ಎಂದು ಎದೆ ತಟ್ಟಿಕೊಂಡವಳ ಮುಖದ ಮೇಲೆ ಅದು ಹೇಗೆ ಬಂತು? ವೇದಿಕೆಯ ಮೇಲೆ ಕೂತು ಇದನ್ನೇ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಆ 'ಒಂದು ಹನಿ' ಎಂಬ ಸಾಲು ಬಂತು, ನಿಮ್ಮ ಚಪ್ಪಾಳೆ ಬಂತು. ನಾಳೆಯವರೆಗೆ ಕಾಯಲು ಆಗುವುದಿಲ್ಲ ಎಂದು ಆಗ ಖಚಿತವಾಯಿತು. ಈ ಸಭೆ ಮುಗಿದ ಅರ್ಧ ಗಂಟೆಯಲ್ಲಿ ಆ ಲಾರಿ ಖಾಲಿಯಾಗುತ್ತದೆ, ಚೀಲಗಳು ನಿಮ್ಮ ನಿಮ್ಮ ಮನೆ ಸೇರುತ್ತವೆ. ಆಮೇಲೆ ಯಾರ ಮನೆಗೆಂದು ಓಡಲಿ?

ಆದ್ದರಿಂದ ಕೇಳಿ. ಇದನ್ನು ಕಡ್ಡಿ ಮೇಡಂ ಆಗಿ ಹೇಳುತ್ತಿದ್ದೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಹನ್ನೊಂದು ಕೆಟ್ಟ ತಳಿ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಇಳುವರಿ ಕೊಡುತ್ತದೆ, ಅದನ್ನು ನಾಲ್ಕು ಬೇರೆ ಹೊಲಗಳಲ್ಲಿ ಅಳೆದಿದ್ದೇವೆ, ಆ ಹೊಲಗಳಲ್ಲಿ ಯಾರ ಕೈಯೂ ಆಡಿಲ್ಲವೆಂದು ನಂಬಿದ್ದೇನೆ, ಮತ್ತೆ ವಿಚಾರಿಸುತ್ತೇನೆ. ಕರಿಕಾಲನ್ನು ತಡೆಯುತ್ತದೆಯೇ? ಗೊತ್ತಿಲ್ಲ. ತಡೆಯಲೂಬಹುದು. ಮಾವ ಅಂದು ಕಂಡ ಚುಕ್ಕೆಗಳ ವಿಷಯ ಕೇಳಿದರೆ ಅನುಮಾನ ಬರುತ್ತದೆ, ಕೆಸರಿನಲ್ಲಿ ನಿಂತಿದ್ದ ಆ ಒಂಟಿ ಗಿಡವನ್ನು ನೆನೆದರೆ ಆಸೆ ಬರುತ್ತದೆ. ಅನುಮಾನ, ಆಸೆ ಎರಡನ್ನೂ ನಂಬಿ ನೀವು ಬಿತ್ತಬಾರದು. ತಗ್ಗಿನ ಹೊಲದವರು ಈ ವರ್ಷ ಇದನ್ನು ಬಿಟ್ಟು ಹಳೆಯ ತಳಿಯನ್ನೇ ಬಿತ್ತಿ. ಬಿತ್ತಲೇಬೇಕೆಂದಿದ್ದರೆ ಬೀಜೋಪಚಾರ ಮಾಡದೆ ನೆಲಕ್ಕೆ ಹಾಕಬೇಡಿ. ನಾಲ್ಕೆಲೆ ಬಂದಾಗ ಬಗ್ಗಿ ಎಲೆ ನೋಡಿ. ಚುಕ್ಕೆ ಕಂಡರೆ ಔಷಧಿ ಹೊಡೆಯಿರಿ, ನನಗೆ ಫೋನ್ ಮಾಡಿ. ಕಾರಿಡಾರಿನಲ್ಲಿ ನನ್ನ ಕೈ ಹಿಡಿದವರೇ, ನಿಮಗೆ ನಾನು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಮನೆಗೆ ಫೋನ್ ಮಾಡಿ ಔಷಧಿ ತರಲು ಹೇಳಿ.

ನಿರ್ದೇಶಕರೇ, ನೀವು ಹೇಳಿದ್ದನ್ನು ಮೀರಿದ್ದೇನೆ. ಈ ಫಲಕವನ್ನು ಮೇಜಿನ ಮೇಲೆ ಇಡುತ್ತಿದ್ದೇನೆ. ಕೋಪದಿಂದಲ್ಲ, ಇದರ ಮೇಲೆ ಬರೆದಿರುವ ಸಾಲು ನಿಜವಲ್ಲ, ಅಷ್ಟೇ. ನಕ್ಷೆಯನ್ನು ಮನೆಗೆ ಒಯ್ದದ್ದಕ್ಕೆ ನನ್ನ ಮೇಲೆ ವಿಚಾರಣೆ ಮಾಡಿ, ಆಗಲೇಬೇಕು. ಪರೀಕ್ಷೆ ಮತ್ತೆ ಮೊದಲಿಂದ ನಡೆಯಲಿ, ಆದರೆ ನನ್ನ ಕೈಯಲ್ಲಿ ಬೇಡ. ರೋಗಶಾಸ್ತ್ರದ ಮೇಡಂ ನಡೆಸಲಿ. ಅವರಿಗೆ ಹನ್ನೊಂದರ ಮೇಲೆ ಪ್ರೀತಿಯಿಲ್ಲ.

ಮಾವ, ಯಾಕೆ ಎದ್ದಿರಿ? ಕೂತುಕೊಳ್ಳಿ.

ಸಭಿಕರು ದಯವಿಟ್ಟು ಹಾಗೆ ತಿರುಗಿ ನೋಡಬೇಡಿ. ಅವರಿಗೆ ಮೊಣಕಾಲು ನೋವಿದೆ. ಕೂತುಕೊಳ್ಳಿ ಮಾವ, ನೀವು ಏನೂ ಹೇಳಬೇಕಾಗಿಲ್ಲ, ನಾನು ಹೇಳಿಯಾಯಿತು. ರೀ, ಅವರನ್ನು ಸ್ವಲ್ಪ ಕೂರಿಸಿ.

ಕೂರುವುದಿಲ್ಲವಂತೆ. ಆಯಿತು.

ನೋಡಿ, ಇವರೇ ನನ್ನ ಮಾವ. ಒಂಬತ್ತು ವರ್ಷದ ನನ್ನ ಕೆಲಸವನ್ನು ಇವರು ಹಾಳು ಮಾಡಿದರು. ಈ ಮಾತನ್ನು ಹೇಳುವಾಗ ನನಗೆ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಆದರೆ ಎಪ್ಪತ್ತೆರಡು ವರ್ಷ ವಯಸ್ಸಿನ ಮನುಷ್ಯ, ತುಂಬಿದ ಸ್ಪ್ರೇಯರ್ ಬೆನ್ನಿಗೆ ಹಾಕಿಕೊಂಡು, ರಟ್ಟು ಹಿಡಿದು, ಮೂರು ವರ್ಷ ಆ ಕೆಸರಿನಲ್ಲಿ ನನಗಾಗಿ ನಡೆದರು. ನನಗೆ ಗೊತ್ತೇ ಆಗಲಿಲ್ಲ. ನಾನು ಅವರ ತಟ್ಟೆಗೆ ಅನ್ನ ಹಾಕುವಾಗ ಮುಖ ನೋಡುತ್ತಿರಲಿಲ್ಲ. 'ನಿನ್ನ ಹೊಲ ನೋಡೋರಿಲ್ಲ' ಎಂದು ಅವರು ಆಸ್ಪತ್ರೆಯಲ್ಲಿ ಹೇಳಿದಾಗ, ಅದಾಗಲೇ ಹೋಗಿ ನೋಡಿ ಬಂದಿದ್ದರು. ಇದಕ್ಕೆ ಒಬ್ಬ ಸೊಸೆ ಏನು ಹೇಳಬೇಕು? ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಆಮೇಲೆ ನನಗೆ ತಿಳಿಸಿ.

ಅವರು ಒಬ್ಬರೇ ನಿಂತಿದ್ದಾರೆ. ನಾನು ಇನ್ನು ಮಾತಾಡುವುದಿಲ್ಲ. ಮಧ್ಯದ ದಾರಿಯಲ್ಲಿ ಕೂತಿರುವವರು ಸ್ವಲ್ಪ ಜಾಗ ಬಿಡಿ, ನಾನು ಅವರ ಹತ್ತಿರ ಹೋಗಿ ನಿಲ್ಲಬೇಕು. ಬೈಯುವವರು ಇಬ್ಬರನ್ನೂ ಒಟ್ಟಿಗೇ ಬೈಯಬಹುದು, ನಾವು ಕೇಳಿಸಿಕೊಳ್ಳುತ್ತೇವೆ.

ಸಂತೋಷಪಡಲು ಬಂದು ಇದನ್ನೆಲ್ಲ ಕೇಳಬೇಕಾಯಿತು ನೀವು. ಆದರೂ ಒಬ್ಬರೂ ಎದ್ದು ಹೋಗದೆ ಕೂತಿರಿ, ಅದಕ್ಕೆ ನಿಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.